ಸೋತ ಮೇಲೂ ಕುರ್ಚಿ ಬಿಡದ ಜಾಮೆ: ಗ್ಯಾಂಬಿಯಾದ ಆ ಏಳು ವಾರ

ತುಂಗಾತೀರ

"ಆಫ್ರಿಕಾದಲ್ಲಿ ಚುನಾವಣೆಯೇ ನಾಟಕ, ಸೋತವನು ಯಾವತ್ತೂ ಇಳಿಯುವುದಿಲ್ಲ" ಎಂದು ಇನ್ನೊಂದು ಚರ್ಚೆಯಲ್ಲಿ ಒಬ್ಬರು ಬರೆದಿದ್ದರು. ಒಂದೇ ಏಟಿಗೆ 54 ದೇಶಗಳ ಕಥೆ ಮುಗಿಸಿಬಿಟ್ಟರು! ಅದಕ್ಕೇ ಈ ಹೊಸ ಎಳೆ. ಇಡೀ ಖಂಡದ ಮಾತು ಬೇಡ, ಒಂದೇ ದೇಶ ತೆಗೆದುಕೊಳ್ಳೋಣ. ಗ್ಯಾಂಬಿಯಾ, 2016.

ಗ್ಯಾಂಬಿಯಾ ಎಂದರೆ ಒಂದು ನದಿ, ಅದರ ಎರಡು ದಡ, ಅಷ್ಟೇ. ಮೂರು ಕಡೆ ಸೆನೆಗಲ್, ಒಂದು ಕಡೆ ಅಟ್ಲಾಂಟಿಕ್ ಸಾಗರ. ಆಗ ಜನಸಂಖ್ಯೆ ಸುಮಾರು 20 ಲಕ್ಷ. 1965ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ದಾವ್ಡಾ ಜವಾರಾ ಆಳುತ್ತಿದ್ದರು. 1994ರ ಜುಲೈ 22ರಂದು ಯಾಹ್ಯಾ ಜಾಮೆ ಎಂಬ 29 ವರ್ಷದ ಲೆಫ್ಟಿನೆಂಟ್ ದಂಗೆ ಮಾಡಿ ಅವರನ್ನು ಇಳಿಸಿದ. ಆಮೇಲೆ ಸಮವಸ್ತ್ರ ಕಳಚಿ ಬಿಳಿ ನಿಲುವಂಗಿ ತೊಟ್ಟ. ನಾಲ್ಕು ಚುನಾವಣೆ ಗೆದ್ದ. 22 ವರ್ಷ ಆಳಿದ.

ಇವನ ಬಗ್ಗೆ ನಗು ಬರಿಸುವ ಕಥೆಗಳು ಬಹಳ. 2007ರಲ್ಲಿ ಗಿಡಮೂಲಿಕೆಯಿಂದ ಏಡ್ಸ್ ವಾಸಿ ಮಾಡುತ್ತೇನೆ ಎಂದ. ದೇವರು ಬಯಸಿದರೆ ನೂರು ಕೋಟಿ ವರ್ಷ ಆಳುತ್ತೇನೆ ಎಂದು 2011ರಲ್ಲಿ ಬಿಬಿಸಿಗೆ ಹೇಳಿದ. ಹೆಸರಿನ ಹಿಂದೆ ಶೇಖ್, ಪ್ರೊಫೆಸರ್, ಅಲ್‌ಹಾಜಿ, ಡಾಕ್ಟರ್ ಎಲ್ಲ ಇತ್ತು. ಆದರೆ ಅವನ ಕಾಲದಲ್ಲಿ ಅಲ್ಲಿದ್ದವರು ಯಾರೂ ನಗುತ್ತಿರಲಿಲ್ಲ. 2000ದ ಏಪ್ರಿಲ್‌ನಲ್ಲಿ ಪ್ರತಿಭಟನೆಗೆ ಇಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದರು. 2004ರಲ್ಲಿ 'ದಿ ಪಾಯಿಂಟ್' ಪತ್ರಿಕೆಯ ಸಂಪಾದಕ ದೇಯ್ಡಾ ಹೈದರಾ ಅವರನ್ನು ಕಾರಿನಲ್ಲೇ ಗುಂಡಿಕ್ಕಿ ಕೊಂದರು. 2005ರಲ್ಲಿ ಯುರೋಪಿಗೆ ಹೊರಟಿದ್ದ 50ಕ್ಕೂ ಹೆಚ್ಚು ವಲಸಿಗರನ್ನು ಹಿಡಿದು ಸಾಯಿಸಿದರು, ಅವರಲ್ಲಿ ಜಾಸ್ತಿ ಜನ ಘಾನಾದವರು.

ಇಂಥವನು 2016ರ ಡಿಸೆಂಬರ್ 1ರಂದು ಸೋತ. ಮರುದಿನ ಟಿವಿಯಲ್ಲಿ ಕುಳಿತು, ಗೆದ್ದ ಅಡಾಮಾ ಬಾರೋಗೆ ಫೋನ್ ಮಾಡಿ, ನಗುನಗುತ್ತಾ ಅಭಿನಂದಿಸಿದ. ಬೀದಿಯಲ್ಲಿ ಜನ ಕುಣಿದರು. ಡಿಸೆಂಬರ್ 9ರ ರಾತ್ರಿ ಮತ್ತೆ ಅದೇ ಟಿವಿಗೆ ಬಂದು, ಈ ಫಲಿತಾಂಶ ಒಪ್ಪುವುದಿಲ್ಲ, ಮರುಚುನಾವಣೆ ಆಗಲಿ ಎಂದ.

ಆ ಏಳು ದಿನದಲ್ಲಿ ಏನಾಯಿತು, ಆಮೇಲೆ ಅವನು ಹೇಗೆ ಹೋದ? ಗೊತ್ತಿದ್ದವರು ಸೇರಿಸಿ.

ಪ್ರಶ್ನಾಪತ್ರಿಕೆ

ಮೊದಲು ಒಂದು ಪ್ರಶ್ನೆ ಸರ್. 22 ವರ್ಷ ಆಳಿದ ಸರ್ವಾಧಿಕಾರಿ ಚುನಾವಣೆಯಲ್ಲಿ ಸೋಲುವುದಾದರೂ ಹೇಗೆ? ಎಣಿಸುವವರೂ ಅವನ ಕಡೆಯವರೇ ಅಲ್ವಾ?

ತುಂಗಾತೀರ

ಇಡೀ ಕಥೆಯ ತಿರುಳೇ ಅದು.

ಗ್ಯಾಂಬಿಯಾದಲ್ಲಿ ಮತ ಹಾಕುವುದು ಗೋಲಿಯಿಂದ. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಗಾಜಿನ ಗೋಲಿಯೇ. ಓದು ಬರದ ಮತದಾರರಿಗಾಗಿ 1960ರ ದಶಕದಲ್ಲಿ ಈ ಪದ್ಧತಿ ತಂದರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬಣ್ಣದ ತಗಡಿನ ಡ್ರಮ್. ಮೇಲೆ ಅಭ್ಯರ್ಥಿಯ ಫೋಟೊ, ಪಕ್ಷದ ಗುರುತು. ಒಂದು ತೂತು, ಅದರಿಂದ ಒಳಗೆ ಇಳಿಯುವ ಕೊಳವೆ. ಪರದೆಯ ಹಿಂದೆ ಹೋಗಿ ಗೋಲಿ ಬಿಟ್ಟರೆ ಒಳಗಿನ ಗಂಟೆಗೆ ತಗುಲಿ 'ಟಿಣ್' ಎನ್ನುತ್ತದೆ. ಎರಡು ಸಲ ಸದ್ದು ಬಂದರೆ ಕಳ್ಳಮತ ಎಂದು ಹೊರಗಿದ್ದವರಿಗೆ ಗೊತ್ತಾಗುತ್ತದೆ. ಬಿದ್ದ ಗೋಲಿ ಮತ್ತೆ ಸದ್ದು ಮಾಡದಿರಲಿ ಎಂದು ಡ್ರಮ್ಮಿನ ತಳಕ್ಕೆ ಮರಳು ಅಥವಾ ಮರದ ಹೊಟ್ಟು ಹಾಕುತ್ತಾರೆ. ಈ ಗಂಟೆಯ ಸದ್ದು ಸೈಕಲ್ ಬೆಲ್ಲಿನಂತೆಯೇ ಇರುವುದರಿಂದ ಮತಗಟ್ಟೆ ಹತ್ತಿರ ಅವತ್ತು ಸೈಕಲ್ ಬಿಡುವುದಿಲ್ಲ.

2016ರಲ್ಲಿ ಮೂರು ಡ್ರಮ್. ಜಾಮೆಗೆ ಹಸಿರು, ಬಾರೋಗೆ ಬೂದು, ಮಾಮಾ ಕಂಡೇಗೆ ನೇರಳೆ. ಮತದಾನ ಮುಗಿದ ಮೇಲೆ ಅಲ್ಲೇ, ಎಲ್ಲ ಪಕ್ಷದ ಏಜೆಂಟರ ಎದುರಿಗೇ, ಗೋಲಿಗಳನ್ನು ಕುಳಿ ಇರುವ ತಟ್ಟೆಗಳಿಗೆ ಸುರಿದು ಎಣಿಸಿದರು. ಒಂದು ಕುಳಿಗೆ ಒಂದು ಗೋಲಿ. ತಟ್ಟೆ ತುಂಬಿದರೆ ಲೆಕ್ಕ ಎಷ್ಟು ಎಂದು ನೋಡಿದವರಿಗೆಲ್ಲ ಗೊತ್ತು. ಮತದಾನದ ದಿನ ಸರ್ಕಾರ ಇಂಟರ್ನೆಟ್ ನಿಲ್ಲಿಸಿತ್ತು, ವಿದೇಶಿ ಕರೆಗಳನ್ನೂ ಕಡಿತ ಮಾಡಿತ್ತು. ಆದರೆ ಪ್ರತಿ ಮತಗಟ್ಟೆಯ ಲೆಕ್ಕ ಅಲ್ಲಿದ್ದವರ ಕೈಗೆ ಆಗಲೇ ಸಿಕ್ಕಾಗಿತ್ತು. ರಾಜಧಾನಿ ಬಾಂಜುಲ್‌ನಲ್ಲಿ ಕುಳಿತು ಅಂಕಿ ತಿದ್ದಲು ಜಾಗ ಉಳಿದಿರಲಿಲ್ಲ.

ಹಿಂದಿನ ಚುನಾವಣೆಗಳಲ್ಲಿ ಅವನು ಎಣಿಕೆಗಿಂತ ಮೊದಲೇ ಕೆಲಸ ಮುಗಿಸುತ್ತಿದ್ದ. ಹೆದರಿಸುವುದು, ಜೈಲಿಗೆ ಹಾಕುವುದು, ವಿರೋಧಿಗಳನ್ನು ಒಡೆಯುವುದು. ಈ ಸಲ ಏಳೆಂಟು ವಿರೋಧಿ ಗುಂಪುಗಳು ಒಗ್ಗೂಡಿ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸಿದವು.

ಧಾರವಾಡ_ಪೇಡೆ

ಗೋಲಿ ಆಡುವಾಗ ಸೋತರೆ ಗೋಲಿ ಕಿತ್ತುಕೊಂಡು ಓಡುವ ಒಬ್ಬ ಹುಡುಗ ಪ್ರತಿ ಓಣಿಯಲ್ಲೂ ಇರುತ್ತಾನೆ ನೋಡ್ರಿ. ಅವನೇ ದೊಡ್ಡವನಾಗಿ ಅಧ್ಯಕ್ಷ ಆಗಿದ್ದಾನೆ.

ಈ ಬಾರೋ ಯಾರು? ದೊಡ್ಡ ನಾಯಕನಾ?

ತುಂಗಾತೀರ

ಇಲ್ಲ. ಅದೂ ಒಂದು ಸ್ವಾರಸ್ಯ. ದೊಡ್ಡ ನಾಯಕ ಉಸೈನು ದಾರ್ಬೋ ಜೈಲಿನಲ್ಲಿದ್ದರು. 2016ರ ಏಪ್ರಿಲ್‌ನಲ್ಲಿ ಚುನಾವಣಾ ಸುಧಾರಣೆ ಬೇಕೆಂದು ಬೀದಿಗಿಳಿದ ಸೋಲೋ ಸಾಂಡೆಂಗ್ ಎಂಬ ಕಾರ್ಯಕರ್ತ ಸರ್ಕಾರಿ ಗುಪ್ತಚರ ಸಂಸ್ಥೆಯ ವಶದಲ್ಲೇ ಸತ್ತರು. ಅದನ್ನು ಪ್ರಶ್ನಿಸಿದ್ದಕ್ಕೆ ದಾರ್ಬೋಗೆ ಮೂರು ವರ್ಷ ಶಿಕ್ಷೆ ಆಯಿತು. ಹಾಗಾಗಿ ಅದೇ ಪಕ್ಷದ ಬಾರೋ ಮುಂದೆ ಬಂದರು. ಜಮೀನು, ಕಟ್ಟಡದ ವ್ಯವಹಾರ ಮಾಡುತ್ತಿದ್ದವರು. ಹಿಂದೆ ಲಂಡನ್ನಿನಲ್ಲಿ ಓದುತ್ತಾ ಅಂಗಡಿಯೊಂದರಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದರು. ಯಾವ ಸರ್ಕಾರಿ ಹುದ್ದೆಯಲ್ಲೂ ಕುಳಿತವರಲ್ಲ.

ಕಾನೂನುಕಟ್ಟೆ

ಆ ಏಳು ದಿನದ ಬಗ್ಗೆ ಎರಡು ಸಂಗತಿ ಸೇರಿಸುತ್ತೇನೆ. ಎರಡನ್ನೂ ಜಾಮೆ ಪರ ಇದ್ದವರು ಚೆನ್ನಾಗಿ ಬಳಸಿಕೊಂಡರು.

ಮೊದಲನೆಯದು ಲೆಕ್ಕದ ತಪ್ಪು. ಚುನಾವಣಾ ಆಯೋಗ ಮೊದಲು ಘೋಷಿಸಿದ್ದು ಬಾರೋಗೆ 2,63,515, ಜಾಮೆಗೆ 2,12,099. ಡಿಸೆಂಬರ್ 5ರಂದು ಕೂಡಿಸುವಾಗ ತಪ್ಪಾಗಿದೆ ಎಂದು ತಿದ್ದಿದರು. ಬಾರೋಗೆ 2,27,708, ಜಾಮೆಗೆ 2,08,487. ಅಂತರ 51 ಸಾವಿರದಿಂದ 19 ಸಾವಿರಕ್ಕೆ ಇಳಿಯಿತು. ಗೆದ್ದವರು ಬದಲಾಗಲಿಲ್ಲ. ಆದರೆ ಸಂಶಯ ಹುಟ್ಟಿಸಲು ಅಷ್ಟು ಸಾಕು. ಆಯೋಗದ ಮುಖ್ಯಸ್ಥ ಅಲಿಯು ಮೊಮರ್ ಎನ್‌ಜಾಯ್ ತಾವೇ ಮುಂದೆ ಬಂದು ತಪ್ಪು ತಿದ್ದಿಕೊಂಡರು. ಆ ಪ್ರಾಮಾಣಿಕತೆಯೇ ಅವರಿಗೆ ಮುಳುವಾಯಿತು. ಡಿಸೆಂಬರ್ 13ರಂದು ಸೈನಿಕರು ಆಯೋಗದ ಕಚೇರಿ ವಶಪಡಿಸಿಕೊಂಡರು. ಜನವರಿ ಹೊತ್ತಿಗೆ ಅವರು ಸೆನೆಗಲ್‌ಗೆ ಓಡಿಹೋಗಬೇಕಾಯಿತು.

ಎರಡನೆಯದು, ಗೆದ್ದ ಒಕ್ಕೂಟದ ನಾಯಕಿ ಫಾತುಮಾತಾ ಜಲ್ಲೋ ತಂಬಜಾಂಗ್ ಅವರ ಸಂದರ್ಶನ. ಜಾಮೆಯನ್ನು ಒಂದು ವರ್ಷದೊಳಗೆ ವಿಚಾರಣೆಗೆ ಒಳಪಡಿಸುತ್ತೇವೆ ಎಂದು ಅವರು ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಗೆ ಹೇಳಿದರು. ಅದು ಬಂದದ್ದು ಡಿಸೆಂಬರ್ 7ಕ್ಕೆ. ಎರಡೇ ದಿನದಲ್ಲಿ ಜಾಮೆ ಮಾತು ತಿರುಗಿಸಿದ. ಅಧಿಕಾರ ಕೈಗೆ ಬರುವ ಮೊದಲೇ ಅಂಥ ಮಾತು ಬೇಕಿತ್ತಾ?

ಸಂಪಿಗೆ

ಕಾನೂನುಕಟ್ಟೆ ಅವರೇ, ಈ ವಾದ ನನಗೆ ಹಿಡಿಸುವುದಿಲ್ಲ. ಕೊಲೆ ಮಾಡಿದವನಿಗೆ "ವಿಚಾರಣೆ ಆಗುತ್ತದೆ" ಎಂದದ್ದೇ ತಪ್ಪಾಯಿತಾ? ಆ ಮಹಿಳೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಸುಮ್ನೆ ಹೋಗುತ್ತಿದ್ದನೇ? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಗ್ಯಾಂಬಿಯಾ ಹೊರಬರುತ್ತದೆ ಎಂದು ಅವನು ಘೋಷಿಸಿದ್ದು 2016ರ ಅಕ್ಟೋಬರ್‌ನಲ್ಲಿ, ಚುನಾವಣೆಗೂ ಮೊದಲು. ತಮಾಷೆ ಎಂದರೆ ಆ ನ್ಯಾಯಾಲಯದ ಆಗಿನ ಮುಖ್ಯ ಪ್ರಾಸಿಕ್ಯೂಟರ್ ಫಾತು ಬೆನ್ಸೂಡಾ ಗ್ಯಾಂಬಿಯಾದವರೇ. ಒಂದು ಕಾಲದಲ್ಲಿ ಇವನ ಸರ್ಕಾರದಲ್ಲೇ ಕಾನೂನು ಮಂತ್ರಿ. ಭಯ ಅವನಿಗೆ ಮೊದಲಿನಿಂದಲೂ ಇತ್ತು. ಸಂದರ್ಶನ ಒಂದು ನೆಪ.

ಕಾನೂನುಕಟ್ಟೆ

ನೆಪ ಇರಬಹುದು ಮೇಡಂ. ಆದರೆ ನೆಪ ಕೊಡಬಾರದು ಎನ್ನುವುದೂ ರಾಜಕೀಯವೇ.

ಕೋರ್ಟಿನ ಕಥೆ ಇನ್ನೂ ಚೆನ್ನಾಗಿದೆ, ಕೇಳಿ. ಜಾಮೆಯ ಪಕ್ಷ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಕೇಳಲು ನ್ಯಾಯಾಧೀಶರೇ ಇಲ್ಲ! ಅವನೇ ಮನಸ್ಸಿಗೆ ಬಂದಾಗಲೆಲ್ಲ ನ್ಯಾಯಾಧೀಶರನ್ನು ತೆಗೆದುಹಾಕಿ 2015ರಿಂದ ಆ ಪೀಠ ಕೂತಿರಲೇ ಇಲ್ಲ. ಉಳಿದವರು ನೈಜೀರಿಯಾ ಮೂಲದ ಮುಖ್ಯ ನ್ಯಾಯಮೂರ್ತಿ ಒಬ್ಬರೇ. ನೈಜೀರಿಯಾ, ಸಿಯೆರಾ ಲಿಯೋನ್‌ನಿಂದ ನ್ಯಾಯಾಧೀಶರನ್ನು ಕರೆಸಬೇಕು. ಅವರು ಸಿಗುವುದು ಮೇ ತಿಂಗಳಿಗೇ ಎಂದು ಗೊತ್ತಾಯಿತು. ಬಾರೋ ಪ್ರಮಾಣವಚನಕ್ಕೆ ತಡೆ ಕೊಡಿ ಎಂಬ ಅರ್ಜಿ ಬಂದಾಗ ಮುಖ್ಯ ನ್ಯಾಯಮೂರ್ತಿ ಆ ವಿಚಾರಣೆಯಿಂದಲೇ ಹಿಂದೆ ಸರಿದರು. ತಾನೇ ಒಡೆದು ಹಾಕಿದ ಬಾಗಿಲನ್ನು ತಾನೇ ತಟ್ಟಬೇಕಾಯಿತು.

ಕೊನೆಗೆ ಜನವರಿ 17ರಂದು ತುರ್ತು ಪರಿಸ್ಥಿತಿ ಹೇರಿದ. ಸಂಸತ್ತು ಅವನ ಅವಧಿಯನ್ನು ಮೂರು ತಿಂಗಳು ವಿಸ್ತರಿಸಿತು. ಅಂದಹಾಗೆ, ಬಾಂಜುಲ್‌ನ ಆ ಸಂಸತ್ ಭವನ ಕಟ್ಟಿದ್ದು ಭಾರತ ಕೊಟ್ಟ ಸಾಲದ ಹಣದಲ್ಲಿ.

ಗೇರುಬೀಜ_ಕುಡ್ಲ

ಪಶ್ಚಿಮ ಆಫ್ರಿಕಾದ ಹೆಸರು ಬಂದರೆ ನಾನು ಸುಮ್ಮನಿರಲಾರೆ. ಮಂಗಳೂರಿನ ಗೇರು ಕಾರ್ಖಾನೆಗಳು ನಡೆಯುವುದೇ ಅಲ್ಲಿಂದ ಬರುವ ಕಚ್ಚಾ ಬೀಜದಿಂದ. ಐವರಿ ಕೋಸ್ಟ್, ಬೆನಿನ್, ಗಿನಿ-ಬಿಸಾವು, ಗ್ಯಾಂಬಿಯಾದ ಸ್ವಲ್ಪ ಮಾಲು. ಅಲ್ಲಿ ಗಲಾಟೆ ಆದರೆ ಇಲ್ಲಿ ರೇಟು ಅಲ್ಲಾಡುತ್ತದೆ. ಹಾಗಾಗಿ ನಮ್ಮ ಲೈನಿನವರಿಗೆ ಜಾಮೆಗಿಂತ ಜಾಸ್ತಿ ನೆನಪಿರುವುದು ಐವರಿ ಕೋಸ್ಟಿನ ಆಗಿನ ಅಧ್ಯಕ್ಷ ಲೋರಾನ್ ಬಾಗ್ಬೋ.

2010ರ ನವೆಂಬರ್ 28ರಂದು ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತು. ಚುನಾವಣಾ ಆಯೋಗದ ಪ್ರಕಾರ ಅಲಸಾನ್ ವತಾರಾಗೆ ಶೇ. 54, ಬಾಗ್ಬೋಗೆ ಶೇ. 46. ತನ್ನವರೇ ತುಂಬಿದ್ದ ಸಾಂವಿಧಾನಿಕ ಮಂಡಳಿಯಿಂದ ಉತ್ತರ ಭಾಗದ ಮತಗಳನ್ನು ರದ್ದು ಮಾಡಿಸಿ ಬಾಗ್ಬೋ ತಾನೇ ಗೆದ್ದೆ ಎಂದ. ಒಂದೇ ದೇಶದಲ್ಲಿ ಇಬ್ಬರು ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡರು. ಬಾಗ್ಬೋ ಅರಮನೆಯಲ್ಲಿ, ವತಾರಾ ವಿಶ್ವಸಂಸ್ಥೆಯ ಕಾವಲಿನಲ್ಲಿ ಒಂದು ಹೋಟೆಲಿನಲ್ಲಿ.

ಅವನನ್ನು ಮೊದಲು ಕಟ್ಟಿಹಾಕಿದ್ದು ದುಡ್ಡು. ಆ ಭಾಗದ ಎಂಟು ದೇಶಗಳಿಗೆ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕ್. ಆ ಬ್ಯಾಂಕು ಬಾಗ್ಬೋ ಸಹಿಗೆ ಬೆಲೆ ಇಲ್ಲ ಎಂದಿತು. ಕೋಕೋ ರಫ್ತು ನಿಲ್ಲಿಸಿ ಎಂದು ವತಾರಾ ಕರೆ ಕೊಟ್ಟರು. ಫೆಬ್ರವರಿಯಲ್ಲಿ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕಿದವು. ಗೇರು ಕೊಯ್ಲಿನ ಹೊತ್ತು ಅದು. ರೈತನಿಗೆ ಕೊಡಲು ಕೈಯಲ್ಲಿ ನೋಟು ಇಲ್ಲ ಎಂದರೆ ಪರಿಸ್ಥಿತಿ ಊಹಿಸಿ. ಅಷ್ಟಾದರೂ ಇಳಿಯಲಿಲ್ಲ. ಕೊನೆಗೆ 2011ರ ಏಪ್ರಿಲ್ 11ರಂದು ಹಿಡಿದದ್ದು ಅವನ ನಿವಾಸದಲ್ಲೇ. ಅಷ್ಟರಲ್ಲಿ ಸುಮಾರು 3,000 ಜನ ಸತ್ತಿದ್ದರು.

ಪ್ರಶ್ನಾಪತ್ರಿಕೆ

ಹಾಗಾದರೆ ಗ್ಯಾಂಬಿಯಾದಲ್ಲಿ ಯಾಕೆ ಹಾಗಾಗಲಿಲ್ಲ? ಅದನ್ನು ಹೇಳಿ.

ತುಂಗಾತೀರ

ಹೋಲಿಕೆ ಒಳ್ಳೆಯದಾಯಿತು. ಬಾಗ್ಬೋ ಹಿಂದೆ ನಿಜವಾಗಲೂ ಅರ್ಧ ದೇಶ, ದೊಡ್ಡ ಸೈನ್ಯ ಇತ್ತು. ಜಾಮೆ ಹಿಂದೆ ಭಯ ಬಿಟ್ಟರೆ ಏನೂ ಇರಲಿಲ್ಲ. ಆ ಭಯ ಡಿಸೆಂಬರ್ 2ರಂದೇ ಮುರಿದಿತ್ತು. ಅವನು ಸೋಲೊಪ್ಪಿದ್ದನ್ನು ಜನ ಕಣ್ಣಾರೆ ನೋಡಿದ್ದರು. "ಗ್ಯಾಂಬಿಯಾ ತೀರ್ಮಾನಿಸಿದೆ" ಎಂದು ಟಿ-ಶರ್ಟ್ ಹಾಕಿಕೊಂಡು ಓಡಾಡತೊಡಗಿದರು. ಹಾಕಿದವರನ್ನು ಹಿಡಿದರು, ಮಾರುವವರನ್ನು ಹಿಡಿದರು, ಆದರೂ ನಿಲ್ಲಲಿಲ್ಲ. ಮಂತ್ರಿಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಜನವರಿ 18ರಂದು ಉಪಾಧ್ಯಕ್ಷೆಯೂ ಬಿಟ್ಟು ಹೋದರು. ಹಲವು ದೇಶಗಳಲ್ಲಿದ್ದ ಅವನ ರಾಯಭಾರಿಗಳೇ "ಇಳಿಯಿರಿ" ಎಂದು ಪತ್ರ ಬರೆದರು.

ಎರಡನೆಯದು ನೆರೆಹೊರೆ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಇಕೋವಾಸ್ ಡಿಸೆಂಬರ್ 13ರಂದು ಬಾಂಜುಲ್‌ಗೆ ಕಳಿಸಿದ ನಿಯೋಗದಲ್ಲಿ ಯಾರಿದ್ದರು ನೋಡಿ. ನಾಲ್ಕು ದೇಶಗಳ ಅಧ್ಯಕ್ಷರು. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್. ನೈಜೀರಿಯಾದ ಬುಹಾರಿ, ಇವರ ಎದುರು ಸೋತ ಗುಡ್‌ಲಕ್ ಜೊನಾಥನ್ 2015ರಲ್ಲಿ ತಾವೇ ಫೋನ್ ಮಾಡಿ ಸೋಲೊಪ್ಪಿದ್ದರು. ಸಿಯೆರಾ ಲಿಯೋನ್‌ನ ಕೊರೋಮಾ. ಮತ್ತೆ ಘಾನಾದ ಜಾನ್ ಮಹಾಮಾ. ಈ ಮಹಾಮಾ ಡಿಸೆಂಬರ್ 7ರ ಚುನಾವಣೆಯಲ್ಲಿ ಸೋತಿದ್ದರು. ಸೋಲೊಪ್ಪಿದ್ದು ಯಾವಾಗ ಗೊತ್ತೇ? ಡಿಸೆಂಬರ್ 9ಕ್ಕೆ. ಜಾಮೆ ಮಾತು ತಪ್ಪಿದ ದಿನವೇ! "ಆಫ್ರಿಕಾದಲ್ಲಿ ಯಾರೂ ಇಳಿಯುವುದಿಲ್ಲ" ಎನ್ನುವವರು ಈ ಒಂದು ದಿನಾಂಕವನ್ನಾದರೂ ನೆನಪಿಟ್ಟುಕೊಳ್ಳಬೇಕು.

ಮಾತಿಗೆ ಬಗ್ಗದಿದ್ದಾಗ ಸೈನ್ಯ ಬಂತು. ಬಾರೋ ಸುರಕ್ಷತೆಗಾಗಿ ಸೆನೆಗಲ್‌ನಲ್ಲಿದ್ದರು. ಆ ದಿನಗಳಲ್ಲೇ ಊರಿನಲ್ಲಿ ಅವರ ಎಂಟು ವರ್ಷದ ಮಗ ನಾಯಿ ಕಚ್ಚಿ ತೀರಿಕೊಂಡ. ಅಂತ್ಯಕ್ರಿಯೆಗೂ ಬರಲಾಗಲಿಲ್ಲ. ಜನವರಿ 19ರಂದು ಸೆನೆಗಲ್ ರಾಜಧಾನಿ ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯ ಸಣ್ಣ ಕೋಣೆಯಲ್ಲಿ ಪ್ರಮಾಣವಚನ ಆಯಿತು. ಅವತ್ತೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಮ್ಮತದಿಂದ ಬೆಂಬಲ ಸೂಚಿಸಿತು. ಅವತ್ತೇ ಸೆನೆಗಲ್ ನೇತೃತ್ವದ ಪಡೆ ಗಡಿ ದಾಟಿತು. ಬಾಂಜುಲ್ ಮೇಲೆ ನೈಜೀರಿಯಾದ ಯುದ್ಧ ವಿಮಾನ ಹಾರಿತು. ಆ ಹೊತ್ತಿಗೆ ಸುಮಾರು 45,000 ಜನ ಮೂಟೆ ಕಟ್ಟಿಕೊಂಡು ಸೆನೆಗಲ್ ಸೇರಿದ್ದರು.

ಸೇನಾ ಮುಖ್ಯಸ್ಥ ಉಸ್ಮಾನ್ ಬಾಜಿ ಮೊದಲು ಬಾರೋಗೆ ನಿಷ್ಠೆ ಎಂದ, ಆಮೇಲೆ ಜಾಮೆಗೆ ಎಂದ. ಸೆನೆಗಲ್ ಪಡೆ ಬಂದಾಗ, ನಮ್ಮ ಹುಡುಗರನ್ನು ಮೂರ್ಖ ಜಗಳಕ್ಕೆ ಕಳಿಸುವುದಿಲ್ಲ ಎಂದುಬಿಟ್ಟ. ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಆದರೆ ಅವತ್ತು ಅದರಿಂದಲೇ ಎಷ್ಟೋ ಜೀವ ಉಳಿಯಿತು.

ಸಂಪಿಗೆ

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲಿನದನ್ನೂ ಹೇಳಿ. ಆಗ ಅಧ್ಯಕ್ಷರಾಗಿದ್ದ ಗಿನಿಯ ಆಲ್ಫಾ ಕೊಂಡೆ, ಮಾರಿಟಾನಿಯಾದ ಅಬ್ದೆಲ್ ಅಜೀಜ್ ಬಂದು ಮಾತಾಡಿ ಜಾಮೆಯನ್ನು ಒಪ್ಪಿಸಿದರು. ಜನವರಿ 21ರ ರಾತ್ರಿ ಅವನು ವಿಮಾನ ಹತ್ತಿದ. ಹೋದದ್ದು ಈಕ್ವಟೋರಿಯಲ್ ಗಿನಿಗೆ. ಅಲ್ಲಿ 1979ರಿಂದ ಆಳುತ್ತಿರುವ ಒಬಿಯಾಂಗ್ ಎಂಬ ಇನ್ನೊಬ್ಬ ಮಹಾನುಭಾವ ಇದ್ದಾರೆ. ಜಾಮೆಯ ಐಷಾರಾಮಿ ಕಾರುಗಳು ಸರಕು ವಿಮಾನದಲ್ಲಿ ಹೋದವು. ಕೊನೆಯ ಎರಡು ವಾರದಲ್ಲೇ ಖಜಾನೆಯಿಂದ 1.1 ಕೋಟಿ ಡಾಲರ್ ಮಾಯವಾಗಿದೆ ಎಂದು ಬಾರೋ ಕಡೆಯವರು ಹೇಳಿದರು. 2019ರಲ್ಲಿ ತನಿಖೆ ಮುಗಿದಾಗ ಒಟ್ಟು ಲೂಟಿ ಕನಿಷ್ಠ 36.2 ಕೋಟಿ ಡಾಲರ್ ಎಂದು ಕಾನೂನು ಮಂತ್ರಿ ಪ್ರಕಟಿಸಿದರು. ಅಂಥ ಬಡ ದೇಶದಲ್ಲಿ! ಕಾರು ಸಮೇತ ಕಳಿಸಿಕೊಟ್ಟಿದ್ದನ್ನು ಗೆಲುವು ಎನ್ನಬೇಕಾ?

ಗೇರುಬೀಜ_ಕುಡ್ಲ

ನಾನಂತೂ ಗೆಲುವು ಎನ್ನುತ್ತೇನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಎಲ್ಲ ಸಲ ಆಗುವುದಿಲ್ಲ. ಇಲ್ಲಿ ಹಾವು ತಪ್ಪಿಸಿಕೊಂಡಿತು, ಆದರೆ ಮನೆಯವರು ಉಳಿದರು. ಐವರಿ ಕೋಸ್ಟಿನಲ್ಲಿ ಹಾವನ್ನು ಹಿಡಿದರು. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳಿಸಿದರು. 2019ರಲ್ಲಿ ಏನಾಯಿತು? ಬಾಗ್ಬೋ ಖುಲಾಸೆ. ಮೇಲ್ಮನವಿಯಲ್ಲೂ ಖುಲಾಸೆ. 2021ರಲ್ಲಿ ಊರಿಗೆ ವಾಪಸ್ ಬಂದ. 3,000 ಹೆಣ ಬಿದ್ದ ಮೇಲೂ ನ್ಯಾಯ ಸಿಗಲಿಲ್ಲ.

ಕಾನೂನುಕಟ್ಟೆ

ಒಂದು ತಿದ್ದುಪಡಿ. ಜಾಮೆಗೆ ಕ್ಷಮಾದಾನ ಸಿಕ್ಕಿದೆ ಎಂದು ಬಹಳ ಜನ ತಿಳಿದಿದ್ದಾರೆ. ಇಕೋವಾಸ್, ಆಫ್ರಿಕನ್ ಒಕ್ಕೂಟ, ವಿಶ್ವಸಂಸ್ಥೆ ಸೇರಿ ಹೊರಡಿಸಿದ ಹೇಳಿಕೆಯಲ್ಲಿ ಗೌರವದ ಮಾತು ಬೇಕಾದಷ್ಟಿದೆ. ನ್ಯಾಯಬದ್ಧ ಆಸ್ತಿ ಮುಟ್ಟುವುದಿಲ್ಲ, ಮುಂದೆ ದೇಶಕ್ಕೆ ಮರಳಬಹುದು ಎಂದಿದೆ. ವಿಚಾರಣೆಯಿಂದ ವಿನಾಯಿತಿ ಎಂದು ಎಲ್ಲೂ ಇಲ್ಲ.

ಆಮೇಲೆ ಸತ್ಯ ಶೋಧನಾ ಆಯೋಗ ಕೂತಿತು. 2019ರಿಂದ 2021ರವರೆಗೆ ವಿಚಾರಣೆ ಟಿವಿಯಲ್ಲಿ, ಯೂಟ್ಯೂಬಿನಲ್ಲಿ ನೇರ ಪ್ರಸಾರ. ಕೊಂದವರೇ ಬಂದು ಹೇಗೆ ಕೊಂದೆವು ಎಂದು ಹೇಳಿದರು. ಅವನ ಆಳ್ವಿಕೆಯಲ್ಲಿ 240ಕ್ಕೂ ಹೆಚ್ಚು ಜನ ಸತ್ತರು, ಜಾಮೆ ಮೇಲೆ ಮೊಕದ್ದಮೆ ಹೂಡಿ ಎಂದು ವರದಿ ಬಂತು.

ನ್ಯಾಯ ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ, ಅದೂ ಹೊರದೇಶಗಳಲ್ಲಿ. ಹೈದರಾ ಕೊಲೆಯಲ್ಲಿ ಭಾಗಿಯಾದ ಚಾಲಕನಿಗೆ 2023ರಲ್ಲಿ ಜರ್ಮನಿಯಲ್ಲಿ ಜೀವಾವಧಿ. ಜಾಮೆಯ ಗೃಹಮಂತ್ರಿಯಾಗಿದ್ದ ಉಸ್ಮಾನ್ ಸೊಂಕೋಗೆ 2024ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 20 ವರ್ಷ. 2025ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇನ್ನೊಬ್ಬ ಹಂತಕ ಪಡೆಯವನ ಮೇಲೆ ಚಿತ್ರಹಿಂಸೆ ಆರೋಪ ಸಾಬೀತಾಯಿತು. 2024ರ ಡಿಸೆಂಬರ್‌ನಲ್ಲಿ ಗ್ಯಾಂಬಿಯಾಕ್ಕೆಂದೇ ವಿಶೇಷ ನ್ಯಾಯಮಂಡಳಿಗೆ ಇಕೋವಾಸ್ ಒಪ್ಪಿಗೆ ಕೊಟ್ಟಿದೆ.

ಸಂಪಿಗೆ

ಚಾಲಕನಿಗೆ ಜೀವಾವಧಿ, ಯಜಮಾನನಿಗೆ ತೋಟದ ಮನೆ. ಸರಿ ಬಿಡಿ. ಆ ವಿಚಾರಣೆಯ ಕೆಲವು ಕಂತುಗಳನ್ನು ನೋಡಿದ್ದೇನೆ. ಅಪ್ಪನನ್ನು ಕಳೆದುಕೊಂಡ ಮಕ್ಕಳ ಎದುರು "ಇಳಿದನಲ್ಲ, ಅಷ್ಟು ಸಾಕು" ಎನ್ನಲು ನನ್ನಿಂದ ಆಗುವುದಿಲ್ಲ. ಗೇರುಬೀಜ ಅವರು ಹೇಳುವ ಲೆಕ್ಕ ನನಗೂ ಅರ್ಥ ಆಗುತ್ತದೆ. ಒಪ್ಪುವುದು ಬೇರೆ.

ಧಾರವಾಡ_ಪೇಡೆ

ಮಧ್ಯಸ್ತಿಕೆ ಮಾಡಿದ ಆ ಇಬ್ಬರು ಹಿರಿಯರ ಕಥೆ ಗೊತ್ತೇನ್ರಿ? ಜಾಮೆಗೆ ಕುರ್ಚಿ ಬಿಡಪ್ಪಾ ಎಂದು ಬುದ್ಧಿ ಹೇಳಿದ ಆಲ್ಫಾ ಕೊಂಡೆ 2020ರಲ್ಲಿ ಸಂವಿಧಾನ ತಿದ್ದಿ ತಾವೇ ಮೂರನೇ ಅವಧಿಗೆ ಕೂತರು. 2021ರಲ್ಲಿ ಸೈನ್ಯ ಎತ್ತಿ ಹೊರಗೆ ಹಾಕಿತು. ಅಬ್ದೆಲ್ ಅಜೀಜ್ ಭ್ರಷ್ಟಾಚಾರದ ಕೇಸಿನಲ್ಲಿ ಜೈಲಿಗೆ ಹೋದರು. ಬುದ್ಧಿ ಹೇಳುವುದು ಊರಿಗೆಲ್ಲ ಸುಲಭ ಬಿಡ್ರಿ.

ತುಂಗಾತೀರ

ನಿಜ. ಇಕೋವಾಸ್ ಬಲವೂ ಈಗ ಮೊದಲಿನಂತಿಲ್ಲ. ಮಾಲಿ, ಬುರ್ಕಿನಾ ಫಾಸೋ, ನೈಜರ್ ಮೂರರಲ್ಲೂ ದಂಗೆ ಆಗಿ, 2025ರ ಜನವರಿಯಲ್ಲಿ ಮೂರೂ ಒಕ್ಕೂಟ ಬಿಟ್ಟು ಹೋದವು. ನೈಜರ್‌ಗೆ ಸೈನ್ಯ ಕಳಿಸುತ್ತೇವೆ ಎಂದು 2023ರಲ್ಲಿ ಬೆದರಿಸಿ ಸುಮ್ಮನಾದರು. ಗ್ಯಾಂಬಿಯಾದಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸುತ್ತ ಒಂದೇ ದೇಶ, ಸಣ್ಣ ಸೈನ್ಯ, ಎಲ್ಲರ ಎದುರಿನ ಎಣಿಕೆ, ಒಂದು ದಿನವಾದರೂ ಬಾಯಿಬಿಟ್ಟು ಒಪ್ಪಿದ ಸೋಲು. ಇಷ್ಟೂ ಕೂಡಿ ಬಂದದ್ದಕ್ಕೆ ಅವನು ಹೋದ. ಜಿಂಬಾಬ್ವೆಯಲ್ಲಿ 2008ರಲ್ಲಿ ಫಲಿತಾಂಶವನ್ನೇ ಐದು ವಾರ ಹಿಡಿದಿಟ್ಟುಕೊಂಡರು. ಮೊದಲ ಸುತ್ತಿನಲ್ಲಿ ಮುಂದಿದ್ದ ವಿರೋಧ ಪಕ್ಷದ ಚಾಂಗಿರಾಯ್ ಬೆಂಬಲಿಗರನ್ನು ಎರಡನೇ ಸುತ್ತಿನ ಹೊತ್ತಿಗೆ ಹೊಡೆದು ಓಡಿಸಿದರು. ಅಧ್ಯಕ್ಷ ಮುಗಾಬೆ ಉಳಿದುಕೊಂಡರು.

ಪ್ರಶ್ನಾಪತ್ರಿಕೆ

ಕೊನೆಯ ಪ್ರಶ್ನೆ. ಬಾರೋ ಈಗ ಹೇಗಿದ್ದಾರೆ? ಈಗಲೂ ಗೋಲಿಯೇನಾ?

ಕಾನೂನುಕಟ್ಟೆ

ಮೂರೇ ವರ್ಷ ಇರುತ್ತೇನೆ ಎಂದು ಒಕ್ಕೂಟಕ್ಕೆ ಮಾತು ಕೊಟ್ಟಿದ್ದರು, ಐದೂ ವರ್ಷ ಕೂತರು. ಎರಡೇ ಅವಧಿ ಎಂಬ ಮಿತಿ ಇದ್ದ ಹೊಸ ಸಂವಿಧಾನದ ಕರಡು 2020ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. 2021ರ ಚುನಾವಣೆಗೆ ಜಾಮೆಯ ಹಳೇ ಪಕ್ಷದ ಜೊತೆಗೇ ಹೊಂದಾಣಿಕೆ ಮಾಡಿಕೊಂಡರು. ಸಂಪಿಗೆ ಅವರಿಗೆ ಸಿಟ್ಟು ಬರುವುದು ಗ್ಯಾರಂಟಿ. ಶೇ. 53 ಮತದಿಂದ ಗೆದ್ದರು. ಸೋತ ದಾರ್ಬೋ ಮೊದಲು ಒಪ್ಪಲಿಲ್ಲ, ಕೋರ್ಟಿಗೆ ಹೋದರು. ಈ ಸಲ ಕೋರ್ಟಿನಲ್ಲಿ ನ್ಯಾಯಾಧೀಶರು ಇದ್ದರು, ಅರ್ಜಿ ವಜಾ ಆಯಿತು, ಅಲ್ಲಿಗೆ ಮುಗಿಯಿತು.

ಗೋಲಿಯೇ. 2021ರಲ್ಲಿ ಆರು ಅಭ್ಯರ್ಥಿಗಳು, ಆರು ಡ್ರಮ್. ಮುಂದಿನ ಅಧ್ಯಕ್ಷ ಚುನಾವಣೆ 2026ರ ಡಿಸೆಂಬರ್ 5 ಎಂದು ನಿಗದಿಯಾಗಿದೆ, ಬಾರೋ ಮತ್ತೆ ನಿಲ್ಲುತ್ತೇನೆ ಎಂದಿದ್ದಾರೆ. ಫಲಿತಾಂಶದ ದಿನ ಇದೇ ಎಳೆಯಲ್ಲಿ ಮುಂದುವರಿಸೋಣ.